ಡಬ್ಬದ ಮೇಲೆ 1200, ಪೋರ್ಟಿನಲ್ಲಿ 100

ಎರಡು ದಿನದಿಂದ ಹೊಟ್ಟೆ ಉರಿಯುತ್ತಿದೆ. ಎಲ್ಲಾದರೂ ಹೇಳಿಕೊಳ್ಳದೆ ಇದ್ದರೆ ಈ ರಾತ್ರಿಯೂ ನಿದ್ದೆ ಬರೋದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮನೆ ವೈಫೈ ರೂಟರ್ 2013ರಲ್ಲಿ ತಂದದ್ದು. ಎರಡು ಆಂಟೆನಾ, ಮೈಮೇಲೆ ಎನ್300 ಅಂತ ಬರೆದಿದೆ. ಇಷ್ಟು ವರ್ಷದಲ್ಲಿ ಒಂದು ದಿನವೂ ಕೈಕೊಟ್ಟಿರಲಿಲ್ಲ. ತಂದಾಗ ನಮ್ಮ ಪ್ಲಾನ್ ಇದ್ದದ್ದೇ 8 ಎಂಬಿಪಿಎಸ್. ಒಂದು ಲ್ಯಾಪ್‌ಟಾಪ್, ಎರಡು ಫೋನ್, ಅಷ್ಟೇ ಸಂಸಾರ. ಈಗ ಫೈಬರ್ ಬಂದಿದೆ, 200ರ ಪ್ಲಾನ್ ಹಾಕಿಸಿದ್ದೇವೆ, ಟಿವಿಯೂ ಸೇರಿ ಒಂಬತ್ತು ಸಾಮಾನು ಅದೇ ರೂಟರಿಗೆ ಜೋತುಬಿದ್ದಿವೆ. ಹಾಲ್‌ನಲ್ಲಿ 40 ಬಂದರೆ ಪುಣ್ಯ. ಒಂದು ಗೋಡೆ ದಾಟಿದರೆ ಅದೂ ಇಲ್ಲ. ಮಗಳ ರೂಮಿನಲ್ಲಿ ಮೇಜಿದೆ, ಕುರ್ಚಿ ಇದೆ, ಸಿಗ್ನಲ್ ಇಲ್ಲ. ಪಾಪ, ಕ್ಲಾಸಿನ ಹೊತ್ತಿಗೆ ಹೊಸ್ತಿಲ ಮೇಲೆ ಕೂತು, ಲ್ಯಾಪ್‌ಟಾಪನ್ನು ತೊಡೆ ಮೇಲಿಟ್ಟುಕೊಂಡು ನೋಟ್ಸ್ ಬರೆಯುತ್ತಾಳೆ.

ಕಸ್ಟಮರ್ ಕೇರ್‌ಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಒಂದೇ ಮಾತು. "ಮೇಡಂ, ಒಂದ್ಸಲ ಆಫ್ ಮಾಡಿ ಆನ್ ಮಾಡಿ." ಕೊನೆಗೆ ನಾನೇ ಫೈಬರ್ ಬಾಕ್ಸಿನಿಂದ ಕೇಬಲ್ ಕಿತ್ತು ಸೀದಾ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದೆ. 198 ಬಂತು. ಲೈನ್ ಸರಿ ಇದೆ, ರೂಟರಿಗೆ ವಯಸ್ಸಾಗಿದೆ. ಇಷ್ಟು ಹೇಳೋದಕ್ಕೆ ಅವರಿಗೆ ಏನು ಕಷ್ಟ?

ರೂಟರ್ ಬದಲಿಸೋದಕ್ಕೆ ದುಡ್ಡು ಬೇಕಲ್ವಾ? ಅದಕ್ಕೇ ಮೊದಲು ಹಳೇದನ್ನೇ ಉಳಿಸಿಕೊಳ್ಳೋಣ ಅಂತ ಹೊರಟೆ. ಅದರ ಸೆಟ್ಟಿಂಗ್ಸ್ ತೆರೆದು ಅಪ್‌ಡೇಟ್ ಒತ್ತಿದರೆ 'ನಿಮ್ಮ ಸಾಫ್ಟ್‌ವೇರ್ ಇತ್ತೀಚಿನದೇ' ಅಂತ ಹಸಿರು ಗುರುತು ತೋರಿಸಿತು. ಕೆಳಗೆ ತಾರೀಖು ನೋಡಿದರೆ 2016! ಇತ್ತೀಚಿನದು ಅಂದರೆ ಅವರು ಕೊನೆಯದಾಗಿ ಕೊಟ್ಟದ್ದು, ಆಮೇಲೆ ಕೈಬಿಟ್ಟದ್ದು. 'ಈ ಮಾಡೆಲ್ಲಿಗೆ ಇನ್ನು ಅಪ್‌ಡೇಟ್ ಇಲ್ಲ, ಹುಷಾರಾಗಿರಿ' ಅಂತ ಒಂದು ಸಾಲು ಹಾಕಬಹುದಿತ್ತು. ಹಾಕಿಲ್ಲ. 2018ರ ಮೇ ತಿಂಗಳಲ್ಲಿ ವಿಪಿಎನ್‌ಫಿಲ್ಟರ್ ಅನ್ನೋ ಮಾಲ್‌ವೇರ್ ಬೆಳಕಿಗೆ ಬಂತು. ಕನಿಷ್ಠ 5 ಲಕ್ಷ ಸಾಧನಗಳೊಳಗೆ ಹೊಕ್ಕಿತ್ತು, ಅದರಲ್ಲಿ ಬಹುಪಾಲು ಮನೆಗಳಲ್ಲಿ, ಸಣ್ಣ ಆಫೀಸುಗಳಲ್ಲಿ ಇರುವಂಥ ರೂಟರುಗಳೇ. ಅಂಥದ್ದೆಲ್ಲ ನಡೆಯುವ ಕಾಲದಲ್ಲಿ ನಮ್ಮ ರೂಟರ್ 2016ರ ಬೀಗ ಹಾಕಿಕೊಂಡು ಬಾಗಿಲಲ್ಲಿ ನಿಂತಿತ್ತು. ನಾವು ಅದರ ಮೂಲಕವೇ ಬ್ಯಾಂಕಿನ ಕೆಲಸವನ್ನೂ ಮಾಡಿಕೊಂಡಿದ್ದೆವು. ನೆನೆಸಿಕೊಂಡರೆ ಈಗಲೂ ಭಯ ಆಗುತ್ತೆ.

ಓಪನ್‌ಡಬ್ಲ್ಯೂಆರ್‌ಟಿ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಕಂಪನಿ ಕೈಬಿಟ್ಟ ಎಷ್ಟೋ ರೂಟರುಗಳಿಗೆ ಅದನ್ನು ಹಾಕಿ ಮತ್ತೆ ಬಳಸಬಹುದು. ಅದಕ್ಕೂ ಕೈಹಾಕಿದೆ. ನಮ್ಮದರಲ್ಲಿ ಇರೋದು 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್. ಈಗಿನ ಆವೃತ್ತಿಗಳಿಗೆ ಅಷ್ಟು ಜಾಗ ಸಾಲೋದಿಲ್ಲ. ಸರಿ, ಹೊಸದೇ ಗತಿ ಅಂದುಕೊಂಡೆ.

ಎರಡು ತಿಂಗಳು ಮನೆ ಖರ್ಚಿನಲ್ಲಿ ಅಲ್ಲಿ ಇಲ್ಲಿ ಹಿಡಿದು ದುಡ್ಡು ಕೂಡಿಸಿದೆ. ಕಡಿಮೆ ಬೆಲೆಯದರಲ್ಲಿ ಚೆನ್ನಾಗಿರೋದನ್ನು ಹುಡುಕಿದೆ. ವೈಫೈ 5, ಎರಡು ಬ್ಯಾಂಡ್ (ಸಿಗ್ನಲ್ ಓಡಾಡೋ ಎರಡು ದಾರಿ), ನಾಲ್ಕು ಆಂಟೆನಾ, ಡಬ್ಬದ ಮೇಲೆ ಬೆರಳುದ್ದದ ಅಕ್ಷರದಲ್ಲಿ 1200. ನಮಗೆ ಬೇಕಾಗಿರೋದು 200, ಇದು ಆರು ಪಟ್ಟು ಇದೆಯಲ್ಲ, ಇನ್ನು ಐದಾರು ವರ್ಷ ನಿಶ್ಚಿಂತೆ ಅಂತ ಖುಷಿಯಿಂದ ತಂದೆ. ಜೋಡಿಸಿದೆ. ಸ್ಪೀಡ್ ಟೆಸ್ಟ್ ಒತ್ತಿದೆ. ಮುಳ್ಳು ಮೇಲೇರಿ 94ಕ್ಕೆ ನಿಂತುಬಿಟ್ಟಿತು. ಮತ್ತೆ ಒತ್ತಿದೆ. 94. ರೂಟರ್ ಪಕ್ಕದಲ್ಲೇ ಕೂತು ಒತ್ತಿದೆ. 94!

ನಾಲ್ಕು ಗಂಟೆ ಒದ್ದಾಡಿದೆ. ಕೇಬಲ್ ಬದಲಿಸಿದೆ, ಚಾನೆಲ್ ಬದಲಿಸಿದೆ, ರೀಸೆಟ್ ಮಾಡಿ ಎಲ್ಲವನ್ನೂ ಹೊಸದಾಗಿ ಹಾಕಿದೆ. ಕೊನೆಗೆ ಕಂಡುಹಿಡಿದವಳು ಮಗಳು. ಡಬ್ಬವನ್ನು ಬೋರಲು ಹಾಕಿ, ಟಾರ್ಚ್ ಬಿಟ್ಟು, ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ತೋರಿಸಿದಳು. ಬಾರ್‌ಕೋಡಿನ ಪಕ್ಕ, ಇರುವೆ ಸಾಲಿನ ಹಾಗೆ, ವಾನ್ ಪೋರ್ಟ್ 10/100 ಅಂತಿತ್ತು.

ಅಂದರೆ ಏನು ಗೊತ್ತಾ? ಇಂಟರ್‌ನೆಟ್ ಮನೆಯೊಳಗೆ ಬರುವ ತೂತೇ 100ರದ್ದು. ಅದರಲ್ಲಿ ಕೈಗೆ ಸಿಗೋದು 94, 95. ಈ ಕಡೆ ವೈಫೈ ಎಷ್ಟೇ ಜೋರಿರಲಿ, ಆಚೆಯಿಂದ ಬರೋದೇ ಅಷ್ಟು. ಸರಿ, ಆ 1200 ಆದರೂ ನಿಜವಾ? ಅದೂ ಅಲ್ಲ. 2.4 ಗಿಗಾಹರ್ಟ್ಸ್ ಬ್ಯಾಂಡಿನ 300, 5 ಗಿಗಾಹರ್ಟ್ಸಿನ 867, ಎರಡನ್ನೂ ಕೂಡಿಸಿದರೆ 1167. ಅದನ್ನು ಮೇಲಕ್ಕೆ ಎಳೆದು 1200 ಮಾಡಿದ್ದಾರೆ. ಇಂಥ ರೂಟರಿನಲ್ಲಿ ಒಂದು ಫೋನ್ ಒಂದು ಹೊತ್ತಿಗೆ ಒಂದು ಬ್ಯಾಂಡನ್ನು ಮಾತ್ರ ಹಿಡಿಯುತ್ತೆ. ಎರಡರ ಮೊತ್ತ ಯಾರಿಗೂ ಸಿಗೋದಿಲ್ಲ. ಆ 867 ಕೂಡ ಲೆಕ್ಕದ ಮಾತು. ಪಕ್ಕದಲ್ಲೇ ಕೂತರೂ ಕೈಗೆ ಬರೋದು ಅದರ ಅರ್ಧವೋ, ಸ್ವಲ್ಪ ಜಾಸ್ತಿಯೋ.

ಸುಳ್ಳು ಹೇಳಿಲ್ಲ, ಎಲ್ಲವನ್ನೂ ಡಬ್ಬದ ಮೇಲೆ ಬರೆದಿದ್ದೇವೆ ಅಂತಾರೆ. ಹೌದು, ಬರೆದಿದ್ದೀರಿ. ಯಾರಿಗೂ ಸಿಗದ ಸಂಖ್ಯೆಯನ್ನು ಬೆರಳುದ್ದ, ಎಲ್ಲರನ್ನೂ ಕಟ್ಟಿಹಾಕುವ ಸಂಖ್ಯೆಯನ್ನು ಇರುವೆಯಷ್ಟು ಬರೆದಿದ್ದೀರಿ. ಇದು ಮೋಸ ಅಲ್ವಾ? ದುಡ್ಡಿದ್ದವರು ಮೇಲಿನ ಮಾಡೆಲ್ ತಗೋತಾರೆ, ಗಿಗಾಬಿಟ್ ಪೋರ್ಟ್, ಅಂದರೆ 1000ದ್ದು, ತಾನಾಗೇ ಬರುತ್ತೆ, ಅವರಿಗೆ ಇದೆಲ್ಲ ಗೊತ್ತಿರಬೇಕಾಗಿಯೂ ಇಲ್ಲ. ಒಂದೊಂದು ಪೈಸೆ ನೋಡಿ ತರೋರೇ ಈ ಸಣ್ಣ ಅಕ್ಷರದಲ್ಲಿ ಸಿಕ್ಕಿಬೀಳೋದು.

ಅಂಗಡಿಯವರು ಸೀಲ್ ಒಡೆದಿದೆ, ವಾಪಸ್ ಇಲ್ಲ ಅಂದರು. ಕಂಪನಿಗೆ ಬರೆದರೆ, ನಿಮ್ಮ ರೂಟರಿನಲ್ಲಿ ದೋಷ ಏನೂ ಇಲ್ಲ ಅಂತ ಉತ್ತರ ಬಂತು. ದೋಷ ಇದೆ ಅಂತ ನಾನು ಹೇಳಲೇ ಇಲ್ಲವಲ್ಲ! ಈ ಮಾಡೆಲ್ಲಿಗೆ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ ಅಂತಲೂ ಕೇಳಿದ್ದೆ. ಆ ಪ್ರಶ್ನೆಯನ್ನು ಮುಟ್ಟಲೇ ಇಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಕಾನೂನೇ ಇದೆ. ಇಂಟರ್‌ನೆಟ್ಟಿಗೆ ಜೋಡಿಸುವ ಇಂಥ ಸಾಮಾನಿಗೆ ಕನಿಷ್ಠ ಯಾವಾಗಿನವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತೆ ಅಂತ ತಯಾರಿಸಿದವರು ಎಲ್ಲರಿಗೂ ತಿಳಿಯುವ ಹಾಗೆ ಹೇಳಲೇಬೇಕು. ಹಾಲಿನ ಪ್ಯಾಕೆಟ್ ಮೇಲೆ ತಾರೀಖು ಇರುತ್ತೆ, ಮಾತ್ರೆಯ ಮೇಲೂ ಇರುತ್ತೆ. ಮನೆಯವರೆಲ್ಲರ ಪಾಸ್‌ವರ್ಡುಗಳು ಹಾದುಹೋಗುವ ಪೆಟ್ಟಿಗೆಯ ಮೇಲೆ ಯಾಕಿಲ್ಲ?

ಕೊನೆಗೆ ಪರಿಚಯದವರೊಬ್ಬರು ತಾವು ಬಳಸಿ ತೆಗೆದಿಟ್ಟಿದ್ದ ವೈಫೈ 6 ರೂಟರನ್ನು ಕಡಿಮೆ ದುಡ್ಡಿಗೆ ಕೊಟ್ಟರು. ಈ ಸಲ ಬಾಯಿಮಾತು ನಂಬಲಿಲ್ಲ. ವಾನ್ ಪೋರ್ಟ್ ಗಿಗಾಬಿಟ್ಟಾ ಅಂತ ತಳದ ಸ್ಟಿಕ್ಕರಿನಲ್ಲಿ ಮಾಡೆಲ್ ನಂಬರ್ ಓದಿ ಹುಡುಕಿದೆ. ಕಂಪನಿಯ ಪುಟದಲ್ಲಿ ಕೊನೆಯ ಅಪ್‌ಡೇಟ್ ತಾರೀಖು ನೋಡಿದೆ, ಹೋದ ತಿಂಗಳದ್ದಿತ್ತು. ಫ್ಯಾಕ್ಟರಿ ರೀಸೆಟ್ ಮಾಡಿ, ಅಪ್‌ಡೇಟ್ ಹಾಕಿ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿ ಆನ್ ಮಾಡಿದೆ. ಹಾಲ್‌ನಲ್ಲಿ 196. ಮಗಳ ರೂಮಿನಲ್ಲಿ, ಬಾಗಿಲು ಹಾಕಿಕೊಂಡು, 120. ನಿನ್ನೆ ಅವಳು ಮೇಜಿನ ಮುಂದೆ ಕೂತು ಕ್ಲಾಸ್ ಮುಗಿಸಿದಳು.

ಆ 1200 ಕೆಟ್ಟಿಲ್ಲ, 50ರ ಪ್ಲಾನ್ ಇರುವವರಿಗೆ ಧಾರಾಳ ಸಾಕು. ಯಾರಿಗಾದರೂ ಕೊಡೋಣ ಅಂತ ಡಬ್ಬಕ್ಕೆ ಹಾಕಿಟ್ಟಿದ್ದೇನೆ. ಕೊಡುವ ಮೊದಲು ಆ ದೊಡ್ಡ ಸಂಖ್ಯೆಯ ಮೇಲೆ ಮಾರ್ಕರಿನಲ್ಲಿ ಗೀಟು ಎಳೆದೆ. ಪಕ್ಕದಲ್ಲಿ ಅಷ್ಟೇ ದೊಡ್ಡದಾಗಿ ಬರೆದೆ: ಪೋರ್ಟ್ 100 ಮಾತ್ರ.