ಯೂನಿಯನಿಸ್ಟರ ಭಯವನ್ನೂ ಸ್ವಲ್ಪ ನೋಡಿ

ಉತ್ತರ ಐರ್ಲೆಂಡಿನ ಯೂನಿಯನಿಸ್ಟರು, ಅಂದರೆ ಬ್ರಿಟನ್ ಜೊತೆಗೇ ಇರಬೇಕು ಅನ್ನುವ, ಹೆಚ್ಚಾಗಿ ಪ್ರೊಟೆಸ್ಟೆಂಟರಾದ ಜನ, ಬರೀ ಹಠಮಾರಿಗಳು ಅಂತ ಲೇಖನದಲ್ಲಿ ಬರೆದಿದ್ದೀರಿ. ಅಷ್ಟು ಸುಲಭ ಅಲ್ಲ. 1912ರ ಸೆಪ್ಟೆಂಬರ್ 28ರಂದು ಬೆಲ್‌ಫಾಸ್ಟ್ ಸಿಟಿ ಹಾಲ್‌ನಲ್ಲಿ ಜನ ಸಾಲು ನಿಂತು ಅಲ್‌ಸ್ಟರ್ ಒಡಂಬಡಿಕೆಗೆ, ಅಂದರೆ ಐರ್ಲೆಂಡಿಗೆ ಡಬ್ಲಿನ್‌ನಲ್ಲಿ ಸ್ವಂತ ಸರ್ಕಾರ ಬೇಡ ಅನ್ನುವ ಪ್ರತಿಜ್ಞೆಗೆ, ಸಹಿ ಹಾಕಿದರು. ಗಂಡಸರದು ಒಂದು ಪತ್ರ, ಹೆಂಗಸರದು ಇನ್ನೊಂದು. ಎಲ್ಲ ಕಡೆಯದೂ ಸೇರಿ ನಾಲ್ಕೂವರೆ ಲಕ್ಷಕ್ಕೂ ಜಾಸ್ತಿ ಸಹಿ. ಡಬ್ಲಿನ್ ಆಳ್ವಿಕೆಯಲ್ಲಿ ತಮ್ಮ ಧರ್ಮ, ದುಡಿಮೆ ಏನಾಗುತ್ತೋ ಅನ್ನುವ ಭಯ ಅವರದು.

ಹಾಗಂತ ಮುಂದೆ ಯೂನಿಯನಿಸ್ಟರ ಆಳ್ವಿಕೆಯಲ್ಲಿ ಕ್ಯಾಥೊಲಿಕರಿಗೆ ಆದ ಅನ್ಯಾಯ ಸುಳ್ಳಲ್ಲ. ಮನೆ ಹಂಚಿಕೆ, ಕೆಲಸ, ಓಟು, ಎಲ್ಲದರಲ್ಲೂ ತಾರತಮ್ಯ ಇತ್ತು. ಯೂನಿಯನಿಸ್ಟ್ ನಾಯಕ ಡೇವಿಡ್ ಟ್ರಿಂಬಲ್ 1998ರ ನೊಬೆಲ್ ಭಾಷಣದಲ್ಲಿ, ನಮ್ಮವರು ಉತ್ತರ ಐರ್ಲೆಂಡ್ ಎಂಬ ಗಟ್ಟಿ ಮನೆ ಕಟ್ಟಿದರು, ಆದರೆ ಕ್ಯಾಥೊಲಿಕರಿಗೆ ಅದು ಚಳಿ ಕೊರೆಯುವ ಮನೆಯಾಗಿತ್ತು ಎಂದು ಒಪ್ಪಿಕೊಂಡರು. ತಮ್ಮವರ ಬಗ್ಗೆ ಹೀಗೆ ಹೇಳೋಕೆ ಧೈರ್ಯ ಬೇಕು, ಅಲ್ವಾ? ಲೇಖನದಲ್ಲಿ ಅವರ ಹೆಸರೇ ಇಲ್ಲ, ನಿಜಕ್ಕೂ ಬೇಜಾರಾಯ್ತು.