ಹೊಳೆ ದಂಡೆಗೆ ಹೋಗಿ ಟ್ರಾಮ್ ಸ್ಟಾಪ್‌ನಲ್ಲಿ ಊಟ

ಕುಶಾಲನಗರದ ಕಾವೇರಿ ದಂಡೆಯನ್ನೂ ವಿದೇಶದ ಪಾರ್ಕುಗಳಂತೆ ಮಾಡಬೇಕು ಅಂತ ಬರೆದಿದ್ದೀರಿ. ಅಲ್ಲೂ ಎಲ್ಲಾ ಚೆಂದ ಅಲ್ಲ ಸಾರ್. ಎರಡು ವರ್ಷ ಜರ್ಮನಿಯ ಕಲೋನ್‌ನಲ್ಲಿದ್ದೆ. ಒಂದು ಭಾನುವಾರ ಅಕ್ಕಿ ಒಟ್ಟಿ (ನಮ್ಮ ಕೊಡಗಿನ ಅಕ್ಕಿ ರೊಟ್ಟಿ), ಎಳ್ಳಿನ ಚಟ್ನಿ ಕಟ್ಟಿಕೊಂಡು ರೈನ್ ನದಿ ಪಕ್ಕದ ಪಾರ್ಕಿಗೆ ಹೋದೆವು. ಆಚೆ ದಡದಲ್ಲಿ 157 ಮೀಟರ್ ಎತ್ತರದ ಕೆಥೀಡ್ರಲ್ ಗೋಪುರ, ಸುಳ್ಳು ಹೇಳಬಾರದು, ನೋಡಲು ಭಾರೀ ಚೆಂದ. ಆದರೆ ಕೂರೋಣ ಅಂದರೆ ಹುಲ್ಲಿನ ತುಂಬ ಬಾತುಗಳ ಹಿಕ್ಕೆ! ಹಾಸಿದ ಬೆಡ್‌ಶೀಟ್ ಮಡಚಿದ್ದೇ ಬಂತು. ಶೌಚಾಲಯಕ್ಕೆ ಬೀಗ. ಭಾನುವಾರ ಅಲ್ಲಿ ಅಂಗಡಿಗಳೂ ಮುಚ್ಚಿರುತ್ತವೆ, ಕುಡಿಯುವ ನೀರಿಗೂ ಪರದಾಟ. ಮಗಳು ನೀರಿಗೆ ಇಳಿಯಲು ಹೊರಟಳು, ಎಳೆದುಕೊಂಡೆ. ದೊಡ್ಡ ಸರಕು ಹಡಗುಗಳು ಓಡಾಡುವ ನದಿ, ಸೆಳೆತ ಜಾಸ್ತಿ. "ಹೊಳೆ ಅಂದ್ರೆ ಕಾಲು ಮುಳುಗಿಸೋದು ಅಲ್ವಾ ಅಪ್ಪಾ?" ಅಂದಳು. ಅಷ್ಟರಲ್ಲಿ ಮಳೆ. ಒಟ್ಟಿಯನ್ನು ಟ್ರಾಮ್ ಸ್ಟಾಪ್‌ನಲ್ಲಿ ನಿಂತುಕೊಂಡೇ ತಿಂದೆವು.