ಡಿ ನಿರೋ, ಪಚಿನೋ ಇಬ್ಬರೂ ಇದ್ದರು, ಆದರೆ ಕೆಲಸ ಕೊಡಲಿಲ್ಲ

ನಿನ್ನೆ ರಾತ್ರಿ ಅಣ್ಣನ ಜೊತೆ ಕೂತು 'ರೈಟಿಯಸ್ ಕಿಲ್' ಇನ್ನೊಂದು ಸಲ ನೋಡಿದೆ. ಡಿ ನಿರೋ, ಪಚಿನೋ ಇಬ್ಬರೂ ನಟಿಸಿರುವ 2008ರ ಹಾಲಿವುಡ್ ಸಿನಿಮಾ. ಮೊದಲ ಸಲ ಆಗಿದ್ದ ಬೇಜಾರು ಈ ಸಲವೂ ಹಾಗೇ ಆಯ್ತು, ಅದಕ್ಕೇ ಬರೆಯುತ್ತಿದ್ದೇನೆ. ಕೊನೆಯ ಗುಟ್ಟನ್ನೂ ಹೇಳುತ್ತೇನೆ, ನೋಡಬೇಕು ಅಂತಿರುವವರು ಇಲ್ಲಿಗೇ ನಿಲ್ಲಿಸಿ.

ರಾಬರ್ಟ್ ಡಿ ನಿರೋ ಮತ್ತು ಅಲ್ ಪಚಿನೋ ಒಟ್ಟಿಗೆ ಸಿಗುವುದೇ ಅಪರೂಪ. 1974ರ 'ಗಾಡ್‌ಫಾದರ್' ಎರಡನೇ ಭಾಗದಲ್ಲಿ ಇಬ್ಬರೂ ಇದ್ದಾರೆ, ಆದರೆ ಒಬ್ಬರು ಅಪ್ಪ, ಒಬ್ಬರು ಮಗ, ಕಥೆಯ ಕಾಲವೇ ಬೇರೆ ಬೇರೆ, ಹಾಗಾಗಿ ಒಂದು ದೃಶ್ಯದಲ್ಲೂ ಎದುರಾಗುವುದಿಲ್ಲ. ಅವರನ್ನು ಎದುರುಬದುರು ಕೂರಿಸಿದ್ದು 1995ರಲ್ಲಿ, 'ಹೀಟ್' ಸಿನಿಮಾದಲ್ಲಿ ನಿರ್ದೇಶಕ ಮೈಕೇಲ್ ಮನ್. ಒಂದು ಹೋಟೆಲ್ ಮೇಜು, ಎರಡು ಕಪ್ ಕಾಫಿ, ಈ ಕಡೆ ಪೊಲೀಸ್, ಆ ಕಡೆ ಕಳ್ಳ. ಗುಂಡು ಹಾರುವುದಿಲ್ಲ, ಯಾರೂ ಕೂಗಾಡುವುದಿಲ್ಲ. ಇಬ್ಬರೂ ತಮಗೆ ಬೀಳುವ ಕೆಟ್ಟ ಕನಸು ಹೇಳಿಕೊಳ್ಳುತ್ತಾರೆ, ಆಮೇಲೆ ಎದುರು ಬಂದರೆ ಕೊಲ್ಲಲು ಹಿಂಜರಿಯುವುದಿಲ್ಲ ಅಂತ ಅಷ್ಟೇ ಮೆಲ್ಲಗೆ ಹೇಳುತ್ತಾರೆ. ಶಿಕಾಗೋದ ಚಕ್ ಆಡಮ್ಸನ್ ಎಂಬ ಪೊಲೀಸ್, ತಾನು ಬೆನ್ನುಹತ್ತಿದ್ದ ಕಳ್ಳನ ಜೊತೆ ನಿಜವಾಗಿಯೂ ಹೀಗೆ ಕಾಫಿ ಕುಡಿದಿದ್ದರು. ಆ ದೃಶ್ಯ ಹುಟ್ಟಿದ್ದು ಅಲ್ಲಿಂದ.

'ರೈಟಿಯಸ್ ಕಿಲ್'ನಲ್ಲಿ ಇವರು ನ್ಯೂಯಾರ್ಕ್ ಪೊಲೀಸರು, ಬಹಳ ವರ್ಷದ ಜೋಡಿ. ಕಾನೂನಿನಿಂದ ತಪ್ಪಿಸಿಕೊಂಡ ಪಾತಕಿಗಳು ಒಬ್ಬೊಬ್ಬರೇ ಸಾಯುತ್ತಾರೆ, ಹೆಣದ ಪಕ್ಕ ಒಂದು ಪುಟ್ಟ ಪದ್ಯ. ಸಿನಿಮಾ ಶುರುವಾಗುವುದೇ ಡಿ ನಿರೋ ವಿಡಿಯೋದಲ್ಲಿ 14 ಜನರನ್ನು ಕೊಂದ ಮಾತು ಹೇಳುವುದರಿಂದ. ಮೊದಲ ದೃಶ್ಯದಲ್ಲೇ ಒಪ್ಪಿಕೊಂಡವನು ಕೊಲೆಗಾರ ಆಗಿರುವುದಿಲ್ಲ, ಅಲ್ವಾ? ಹಾಗಾದರೆ ಉಳಿದವರು ಯಾರು? ಪಕ್ಕದಲ್ಲಿರುವ ಪಚಿನೋ. ಅಣ್ಣ ಇದನ್ನು ನೋಡಿಯೇ ಇರಲಿಲ್ಲ, ಅರ್ಧ ಗಂಟೆಯೊಳಗೆ ಹೇಳಿಬಿಟ್ಟ.

ಕಥೆ ಮೊದಲೇ ಗೊತ್ತಾಗುವುದು ನನಗೆ ದೊಡ್ಡ ತಪ್ಪಲ್ಲ. 'ಹೀಟ್' ಎಲ್ಲಿಗೆ ಹೋಗಿ ಮುಗಿಯುತ್ತದೆ ಅಂತಲೂ ಊಹಿಸಬಹುದು. ಇಲ್ಲಿ ನೋವಾಗುವುದು ಬೇರೆಯದಕ್ಕೆ. ಆ ಒಂದು ಗುಟ್ಟು ಕಾಪಾಡಬೇಕು ಅಂತ ಇಬ್ಬರ ಮುಖವನ್ನೂ ಕಟ್ಟಿಹಾಕಿದ್ದಾರೆ. ಪಚಿನೋ ತನ್ನೊಳಗೆ ಏನಿದೆ ಅಂತ ತೋರಿಸುವ ಹಾಗಿಲ್ಲ, ತೋರಿಸಿದರೆ ಗುಟ್ಟು ಬಯಲು. ಡಿ ನಿರೋ ಅಮಾಯಕ ಅನ್ನಿಸುವ ಹಾಗಿಲ್ಲ, ಅನ್ನಿಸಿದರೂ ಬಯಲು. ಮುಖದ ಒಂದು ಸಣ್ಣ ಕದಲಿಕೆಯಲ್ಲಿ ಇಡೀ ಬದುಕನ್ನೇ ಹೇಳಬಲ್ಲ ನಟರು ಇವರು! ಅವರಿಂದ ಆ ಕದಲಿಕೆಯನ್ನೇ ಕಿತ್ತುಕೊಂಡ ಮೇಲೆ ಉಳಿದಿದ್ದು ಸುಮ್ನೆ ಪೋಲಿ ಮಾತು, ಗುರಿ ಅಭ್ಯಾಸ, ಇನ್ನೊಂದು ಹೆಣ. ಬ್ರಯಾನ್ ಡೆನ್ನಹಿ, ಜಾನ್ ಲೆಗ್ವಿಝಾಮೊ ಕೂಡ ಇದ್ದಾರೆ, ಅವರಿಗೂ ಜಾಸ್ತಿ ಏನೂ ಇಲ್ಲ. ಇದನ್ನು ಬರೆದ ರಸೆಲ್ ಗೆವರ್ಟ್ಸ್ ಅವರೇ 'ಇನ್‌ಸೈಡ್ ಮ್ಯಾನ್' ಕೂಡ ಬರೆದದ್ದು, ಅದು ನನಗೆ ತುಂಬಾ ಇಷ್ಟ, ಅದಕ್ಕೇ ಇನ್ನೂ ಬೇಸರ.

ಇಬ್ಬರಿಗೂ ವಯಸ್ಸಾಗಿತ್ತು ಅಂತ ಆಗ ಕೆಲವರು ನನಗೆ ಹೇಳಿದ್ದರು. ನಾನು ಒಪ್ಪಿರಲಿಲ್ಲ. 2019ರಲ್ಲಿ ನಿರ್ದೇಶಕ ಸ್ಕಾರ್ಸೆಸಿ ಅವರ 'ಐರಿಶ್‌ಮನ್' ಬಂತು, ಆಗ ಇಬ್ಬರೂ ಎಪ್ಪತ್ತೈದು ದಾಟಿದ್ದರು. ಅದರಲ್ಲಿ ಒಂದೇ ಹೋಟೆಲ್ ರೂಮಿನಲ್ಲಿ ಇಬ್ಬರೂ ಪೈಜಾಮ ಹಾಕಿಕೊಂಡು ಮಲಗುವ ಮೊದಲು ಮಾತಾಡುತ್ತಾರೆ. ಪಚಿನೋ ಒಳಗಿನ ತನ್ನ ಮಲಗುವ ಕೋಣೆಯ ಬಾಗಿಲನ್ನು ಪೂರ್ತಿ ಮುಚ್ಚದೆ ಸ್ವಲ್ಪ ತೆರೆದು ಬಿಡುತ್ತಾರೆ. ಅಷ್ಟೇ. ಅದನ್ನು ನೋಡುವಾಗ ನನಗೆ ಗಂಟಲು ಕಟ್ಟಿತ್ತು.